ಅಚ್ಚು ಮುರಿದದ್ದು ಎಲ್ಲಿ?

“ಎಸ್ಕಿಲ್, ಈ ಗಾಡಿ ಯಾವ ಕಲ್ಲಿಗೂ ಬಡಿದಿಲ್ಲ.”

ದನಿ ಜೀಪಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಆ ಕ್ಯಾರವಾನಿನ ಅಡಿಯಿಂದ ಬಂತು. ಹಿಮದ ಮೇಲೆ ಅಂಗಾತ ಮಲಗಿದ್ದ ಪರ್ನಿಲ್ಲಾಳ ಬೂಟುಗಳಷ್ಟೇ ನನಗೆ ಕಾಣುತ್ತಿದ್ದವು. ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆಯಿಂದ ಬಂದ ಪತ್ತೇದಾರಿಣಿ ಅವಳು. ಏಪ್ರಿಲ್ ಎಂದರೆ ವಸಂತ ಎಂದುಕೊಂಡು ತೆಳ್ಳನೆಯ ಬೂಟು ಹಾಕಿಕೊಂಡು ಬಂದಿದ್ದಳು. ಉತ್ತರದ ನಮ್ಮ ಟಾಲ್‌ನೆಸ್ ಠಾಣೆಗೆ ಇರುವ ಪೊಲೀಸ್ ನಾನೊಬ್ಬನೇ. ಹಾಗಾಗಿ ಅವಳ ಕಾಲ್ಬೆರಳು ಉದುರಿಹೋಗದಂತೆ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಂದಿತ್ತು.

“ಕಲ್ಲಿಗೆ ಬಡೀದೆ ಅಚ್ಚು ತಾನಾಗೇ ಮುರ್ಕೊಳ್ತಾ?” ಎಂದೆ.

“ಕೆಳಗೆ ಬಾ. ನೋಡು.”

ಹಿಮಬಿರುಗಾಳಿ ಬೀಸಿದ ದಿನದಿಂದ ಮುದುಕ ಹಿಲ್ಮೆರ್ ಸ್ಟೆನ್‌ವಾಲ್ ಕಾಣೆಯಾಗಿದ್ದ. ಅವನ ಜೀಪು, ಅದರ ಹಿಂದೆ ಅಚ್ಚು ಮುರಿದ ಕ್ಯಾರವಾನು, ಎರಡೂ ಈ ಕಾಡಿನ ರಸ್ತೆಯ ಅಂಚಿನಲ್ಲಿ ಸಿಕ್ಕಿದ್ದವು. ಗಾಡಿ ಕೆಟ್ಟ ಮೇಲೆ ಸಹಾಯ ಹುಡುಕಿಕೊಂಡು ಹೊರಟು ಕಾಡಿನಲ್ಲಿ ದಾರಿ ತಪ್ಪಿದ್ದಾನೆ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ಗೊಣಗುತ್ತಲೇ ಗಾಡಿಯಡಿಗೆ ತೂರಿದೆ. ಬಲಚಕ್ರ ಒಳಕ್ಕೆ ವಾಲಿ ನೆಲದ ಹಲಗೆಗೆ ತಾಗಿಕೊಂಡಿತ್ತು. ಚಕ್ರವನ್ನು ಅಚ್ಚಿನ ಕೊಳವೆಗೆ ಹಿಡಿದಿಡುವ ದಪ್ಪ ಕಬ್ಬಿಣದ ತೋಳು ಬುಡದಲ್ಲೇ ಕಿತ್ತುಬಂದಿತ್ತು. ಪರ್ನಿಲ್ಲಾ ಟಾರ್ಚನ್ನು ಅದರ ಮೇಲೆ ಹಿಡಿದಳು. ಅವಳ ಅಪ್ಪ ಅಮ್ಮ ಬೇಸಿಗೆ ರಜೆ ಪೂರ್ತಿ ಕ್ಯಾರವಾನ್ ಎಳೆದುಕೊಂಡು ಯೂರೋಪು ಸುತ್ತಿದವರು. ಆ ಗಾಡಿಗಳ ಹೊಟ್ಟೆಯಡಿಯಲ್ಲೇ ಬೆಳೆದವಳು ಅವಳು.

“ಕಲ್ಲಿಗೆ ಬಡಿದ್ರೆ ರಿಮ್ ಸೊಟ್ಟಗಾಗ್ಬೇಕು, ಟೈರ್ ಹರೀಬೇಕು. ಎರಡೂ ಆಗಿಲ್ಲ. ಚಕ್ರ ಎಲ್ಲೋ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಯಾರೋ ಮುಂದಿನಿಂದ ಜಗ್ಗಿದ್ದಾರೆ. ಚಕ್ರ ಬರಲಿಲ್ಲ, ತೋಳು ಕಿತ್ತುಬಂತು.”

“ರಸ್ತೇಲಿ ಚಕ್ರ ಎಲ್ಲಿ ಸಿಕ್ಕೊಳ್ಳುತ್ತೆ?”

“ಅದನ್ನ ಇದು ಹೇಳುತ್ತೆ.”

ಬ್ರೇಕ್ ಡ್ರಮ್ಮಿನ ಹಿಂದೆ ಮುಷ್ಟಿಗಾತ್ರದ ಮಂಜುಗಡ್ಡೆಯೊಂದು ಕಚ್ಚಿಕೊಂಡಿತ್ತು. ಮೇಲೆಲ್ಲ ಕೆಸರು. ಅವಳು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ನನ್ನ ಕೈಗೆ ಹಾಕಿದಳು. ಹೊರಗೆ ಬಂದು ಕೈಗವಸಿನಿಂದ ಉಜ್ಜಿ ಬಿಸಿಲಿಗೆ ಹಿಡಿದೆ.

ರಸ್ತೆಯ ಮಂಜುಗಡ್ಡೆ ಬೆಳ್ಳಗೆ, ಮರಳು ಮರಳಾಗಿ ಇರುತ್ತದೆ. ಇದು ಕನ್ನಡಕದ ಗಾಜಿನಷ್ಟು ತಿಳಿ. ಅದರೊಳಗೆ ಚಪ್ಪಟೆ ಗುಳ್ಳೆಗಳು ಒಂದರ ಮೇಲೊಂದು, ದಾರಕ್ಕೆ ಪೋಣಿಸಿದ ಮುತ್ತಿನ ಹಾಗೆ ನಿಂತಿದ್ದವು. ನೀರಿನ ತಳದಿಂದ ಏಳುತ್ತಿದ್ದ ಗಾಳಿ, ಏಳುತ್ತಿದ್ದಂತೆಯೇ ಹೆಪ್ಪುಗಟ್ಟಿತ್ತು. ಹುಟ್ಟಿದಾಗಿನಿಂದ ಮಂಜುಗಡ್ಡೆ ತುಳಿಯುತ್ತ ಬಂದವನು ನಾನು, ಆದರೂ ಕೈಯಲ್ಲಿದ್ದದ್ದನ್ನು ಕೆಳಗಿಡಲು ಮನಸ್ಸಾಗಲಿಲ್ಲ.

“ಇದು ಲೋಂಗಾವನ್ ಸರೋವರದ್ದು,” ಎಂದೆ. “ಗಾಡಿ ನಿಂತಿದ್ದು ಸರೋವರದ ಮೇಲೆ.”

“ನಾವು ಹುಡುಕ್ತಿರೋದು ಕಾಡಲ್ಲಿ,” ಎಂದಳು ಪರ್ನಿಲ್ಲಾ.

ಆಗ ನಾನು ಇನ್ನೊಂದನ್ನು ನೋಡಿದೆ. ಕ್ಯಾರವಾನಿನ ಮೂತಿಯಲ್ಲಿ, ಜೀಪಿಗೆ ಕೊಂಡಿ ಹಾಕುವ ಕಡೆ, ಹ್ಯಾಂಡ್‌ಬ್ರೇಕಿನ ಹಿಡಿ ಆಕಾಶ ನೋಡುತ್ತ ನಿಂತಿತ್ತು. ಪೂರ್ತಿ ಎಳೆದದ್ದು.

“ಯಾವ ಮುಠ್ಠಾಳ ಎಳೆದ ಇದನ್ನ?”

“ಯಾಕೆ? ನಿಲ್ಸಿದ ಮೇಲೆ ಬ್ರೇಕ್ ಎಳೀಬಾರದಾ?”

“ಸ್ಕೋನೇಲಿ ಎಳೀರಿ ತಾಯಿ, ಬೇಡ ಅಂದೋರ್ಯಾರು? ಇಲ್ಲಿ ಚಳಿಗಾಲದಲ್ಲಿ ಬ್ರೇಕ್ ಎಳೆದು ಮಲಗಿದ್ರೆ, ಬೆಳಗ್ಗೆಗೆ ಅದು ಡ್ರಮ್ಮಿಗೆ ಹೆಪ್ಪುಗಟ್ಟಿ ಕೂತಿರುತ್ತೆ. ಚಕ್ರ ತಿರುಗೋದಿಲ್ಲ. ನಾವು ಚಕ್ರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸ್ತೀವಿ. ಹಿಲ್ಮೆರ್ ಅಂತೂ ಬ್ರೇಕ್ ಎಳೆದೋರನ್ನ ನೋಡಿದ್ರೆ ಊರಿಗೆಲ್ಲ ಹೇಳ್ಕೊಂಡು ನಗ್ತಿದ್ದ.”

ಪರ್ನಿಲ್ಲಾ ಬಗ್ಗಿ ಆ ಹಿಡಿಯನ್ನು ಹತ್ತಿರದಿಂದ ನೋಡಿದಳು. ಅವಳ ಮೂಗಿನ ತುದಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

ರಸ್ತೆಯ ಆಚೆ ಹುಡುಕಾಟದವರ ಡೇರೆಯಿಂದ ಥಿರಾ ಬಂದಳು. ಹಿಲ್ಮೆರನ ಒಬ್ಬಳೇ ಮಗಳು. ಎರಡು ಮರದ ಬಟ್ಟಲಲ್ಲಿ ಕಾಫಿ ತಂದಿದ್ದಳು, ನಮ್ಮ ಕಡೆಯ ರೂಢಿಯಂತೆ ಚೀಸಿನ ತುಂಡು ಒಳಗೇ ಹಾಕಿದ್ದು. ಊರಿನವರಿಗೆಲ್ಲ ಹೀಗೆ ಕಾಫಿ ಹಂಚುತ್ತ ತಿರುಗುತ್ತಿದ್ದಳು. ಸುಮ್ಮನೆ ಕೂತರೆ ಅಳು ಬಂದೀತು ಎಂಬ ಭಯ ಅವಳಿಗೆ.

“ಸಂಜೆಗೆ ಹೆಲಿಕಾಪ್ಟರ್ ವಾಪಸ್ ಹೋಗುತ್ತಂತೆ,” ಎಂದಳು. “ಇಷ್ಟು ಚಳೀಲಿ ಇಷ್ಟು ದಿನ ಯಾರೂ ಬದುಕಿರಲ್ಲ ಅಂತ ಲೆಕ್ಕ ಹಾಕಿದ್ದಾರೆ. ಎಸ್ಕಿಲ್, ನಿಜ ಹೇಳು. ಏನಾದ್ರೂ ಸಿಕ್ತಾ?”

ಪರ್ನಿಲ್ಲಾ ತನ್ನ ಕಾಫಿ ಮುಗಿಸಿ, ನನ್ನ ಕೈಯಲ್ಲಿದ್ದ ಮಂಜುಗಡ್ಡೆಯನ್ನು ಆ ಖಾಲಿ ಬಟ್ಟಲಿಗೆ ಹಾಕಿ ಅವಳಿಗೆ ತೋರಿಸಿದಳು. “ಸಂಜೆವರೆಗೆ ಟೈಮ್ ಇದೆ. ನಿಮ್ಮಪ್ಪನ ಜೀಪು ಓಡಿಸೋಕೆ ಬರೋರು ಯಾರ್ಯಾರು?”

“ಅಪ್ಪ ಅದನ್ನ ಯಾರ ಕೈಗೂ ಕೊಡ್ತಿರಲಿಲ್ಲ. ಟೋರ್ಡ್‌ಗೆ ಮಾತ್ರ.”

ಟೋರ್ಡ್ ಹಿಲ್ಮೆರನ ತಂಗಿಯ ಮಗ. ಮರ ಕಡಿಯುವ ಗುತ್ತಿಗೆ ಹಿಡಿದವನು, ಕರಡಿಯಂಥ ಆಳು. ನಾವು ಹೋದಾಗ ಅಂಗಳದಲ್ಲಿ ಗರಗಸದ ಸರಪಳಿ ಮಸೆಯುತ್ತ ಕೂತಿದ್ದ. ಥಿರಾ ನಮ್ಮ ಕಾರಿನಿಂದ ಇಳಿಯುವುದನ್ನು ಕಂಡು ಎದ್ದುನಿಂತ.

“ಮಾವ ಸಿಕ್ಕಿದ್ನಾ?”

“ಇಲ್ಲ,” ಎಂದಳು ಪರ್ನಿಲ್ಲಾ. “ಕ್ಯಾರವಾನನ್ನ ಸರೋವರದಿಂದ ರಸ್ತೆಗೆ ಎಳೆದು ತಂದೋನು ನೀನೇನಾ?”

ಟೋರ್ಡ್ ತುಟಿ ಮುಂದೆ ಮಾಡಿ ಸರಕ್ಕನೆ ಉಸಿರು ಒಳಗೆಳೆದ. “ಷುಪ್.”

ಪರ್ನಿಲ್ಲಾ ಕಾದಳು. ಅವನೂ ಕಾದ. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಉತ್ತರ ಕೊಡಪ್ಪ.”

“ಕೊಟ್ನಲ್ಲ.”

“ಎಲ್ಲಿ ಕೊಟ್ಟೆ? ಬಾಯೇ ಬಿಡಲಿಲ್ಲ!”

ನಾನು ಕೆಮ್ಮಿದೆ. “ಹೌದು ಅಂದ ಅವನು, ಪರ್ನಿಲ್ಲಾ. ಉಸಿರು ಒಳಗೆಳೆದನಲ್ಲ, ಅದೇ ಹೌದು. ನಮ್ಮ ಕಡೆ ಹಾಗೇ.”

ಅವಳ ಮುಖ ಬಿಳಿಚಿಕೊಂಡಿತು. “ಮೊದಲನೇ ದಿನ ಇವನನ್ನ ಕೇಳಿದ್ದೆ. ಗಾಡಿ ಎಲ್ಲಿಂದ ಬಂತು ಗೊತ್ತಾ ಅಂತ. ಇದೇ ಶಬ್ದ ಮಾಡಿದ್ದ. ಪಾಪ ಶೀತ ಆಗಿದೆ ಅಂತ ಕರ್ಚೀಫ್ ಕೊಟ್ಟೆ!”

“ಒಳ್ಳೇ ಕರ್ಚೀಫು,” ಎಂದ ಟೋರ್ಡ್. “ಗೊತ್ತು ಅಂದೆ. ಆಮೇಲೆ ನೀನು ಏನೂ ಕೇಳಲಿಲ್ಲ. ಸ್ಕೋನೆ ಮಹಾರಾಣಿಗೆ ಬೇಡವಾದದ್ದನ್ನ ನಾನ್ಯಾಕೆ ಮೇಲೆ ಬಿದ್ದು ಹೇಳ್ಲಿ?”

ನಗು ಬರುವಂಥ ಹೊತ್ತಲ್ಲ. ನನಗೆ ರೇಗಿಹೋಯಿತು. ಅವನ ಮೇಲೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ನಮ್ಮ ಊರಿನ ಈ ಹಾಳು ಸ್ವಭಾವದ ಮೇಲೆ. ಒಂದು ಉಸಿರು ಅರ್ಥವಾಗದೆ ನಾವೆಲ್ಲ ತಪ್ಪು ಕಡೆ ಹಿಮ ಕೆದಕುತ್ತಿದ್ದೆವು. ಥಿರಾ ಅವನ ಎದುರು ಹೋಗಿ ನಿಂತಳು.

“ನಮ್ಮಪ್ಪ ಎಲ್ಲಿ, ಟೋರ್ಡ್?”

“ದೇವರಾಣೆ ಗೊತ್ತಿಲ್ಲ ಅಕ್ಕ. ಇದು ನೋಡು.” ಜೇಬಿನಿಂದ ಫೋನು ತೆಗೆದು ಅವಳ ಮುಂದೆ ಹಿಡಿದ. ಹಿಲ್ಮೆರನ ಸಂಖ್ಯೆಯಿಂದ ಬಂದ ಸಂದೇಶ: *ಗಾಡಿಯನ್ನು ರಸ್ತೆಗೆ ತಂದಿಡು. ನಾನು ಕಾಡಿನ ದಾರಿಯಲ್ಲಿ ಸ್ಕೀ ಮೇಲೆ ಬರುತ್ತೇನೆ.*

“ಬಿರುಗಾಳಿ ಶುರುವಾಗಿತ್ತು. ಹೋಗಿ ಮಾವನ ಜೀಪಲ್ಲೇ ಜಗ್ಗಿದೆ. ಅಚ್ಚು ಮುರೀತು. ಹಾಗೇ ಎಳ್ಕೊಂಡು ರಸ್ತೆವರೆಗೆ ತಂದೆ, ಮುಂದಕ್ಕೆ ಬರಲಿಲ್ಲ, ಬಿಟ್ಟೆ. ಮಾವ ಕಾಡಿನ ದಾರೀಲಿ ಬರ್ತೀನಿ ಅಂದಿದ್ದ. ನೀವು ಕಾಡಲ್ಲೇ ಹುಡುಕ್ತಿದ್ರಿ. ಸರಿಯಾಗೇ ಇದೆಯಲ್ಲ ಅಂದ್ಕೊಂಡೆ.”

“ಹ್ಯಾಂಡ್‌ಬ್ರೇಕ್ ನೀನು ಎಳೆದ್ಯಾ?” ಪರ್ನಿಲ್ಲಾ ಕೇಳಿದಳು.

“ನಾನೇನು ಸ್ಕೋನೆಯೋನಾ?”

“ಅಂದ್ರೆ ನೀನು ಹೋಗೋ ಹೊತ್ತಿಗೇ ಎಳೆದಿತ್ತು.”

“ಷುಪ್,” ಎಂದ. ಈ ಸಲ ಅವಳಿಗೆ ಅರ್ಥವಾಯಿತು.

“ಹಾಗಾದ್ರೆ ಕೇಳು. ಬ್ರೇಕ್ ಎಳೆದೋನಿಗೆ ಗಾಡಿ ಅಲ್ಲಿಂದ ಕದಲಬಾರದಿತ್ತು. ಮೆಸೇಜ್ ಬರೆದೋನಿಗೆ ಗಾಡಿ ಅಲ್ಲಿಂದ ಹೋಗಬೇಕಿತ್ತು. ಇಬ್ಬರೂ ಒಬ್ಬನೇ ಆಗೋಕೆ ಸಾಧ್ಯವಿಲ್ಲ.”

“ಹಂಗಾದ್ರೆ ಬ್ರೇಕ್ ಎಳೆದೋನು ಮಾವ ಅಲ್ಲ. ಮಾವ ಚಳೀಲಿ ಯಾವತ್ತೂ ಎಳೆದೋನಲ್ಲ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳು.”

“ಅದಕ್ಕೇ ನಾನು ಅವನೇ ಎಳೆದ ಅಂತೀನಿ.” ಅವಳ ದನಿ ತಗ್ಗಿತು. “ನನ್ನಂಥೋಳು ಎಳೆದ್ರೆ ಅದು ಅಭ್ಯಾಸ. ಹೆಪ್ಪುಗಟ್ಟುತ್ತೆ ಅಂತ ಗೊತ್ತಿದ್ದೋನು ಎಳೆದ್ರೆ? ಹೆಪ್ಪುಗಟ್ಟಲಿ ಅಂತಾನೇ ಎಳೀತಾನೆ. ಆ ಗಾಡಿ ಅಡೀಲಿ ಏನೋ ಇತ್ತು. ಅದನ್ನ ಮುಚ್ಚಿಡೋಕೆ ಮಂಜುಗಡ್ಡೆಯಿಂದಲೇ ಬೀಗ ಹಾಕಿಸಿದ್ದಾನೆ ನಿನ್ನ ಮಾವ. ಅವನ ಫೋನಿಂದ ಆ ಮೆಸೇಜ್ ಬರೆದೋನು ಬೇರೆ ಯಾರೋ.”

ಹಿಲ್ಮೆರ್ ಹಾಗೆ ಯೋಚಿಸುವ ಮನುಷ್ಯ, ನಿಜ. ಟೋರ್ಡ್ ಫೋನನ್ನು ಜೇಬಿಗಿಟ್ಟು, ಗಾಡಿ ನಿಂತಿದ್ದ ಜಾಗ ತೋರಿಸುತ್ತೇನೆಂದು ತಾನಾಗಿಯೇ ಹೊರಟ. ಸನಿಕೆ, ಹಾರೆ, ಕೊರೆಯುವ ಯಂತ್ರ ಎಲ್ಲವನ್ನೂ ಸ್ಲೆಡ್ಜಿಗೆ ಹಾಕಿಕೊಂಡ. ಎರಡು ಹಿಮಸ್ಕೂಟರುಗಳಲ್ಲಿ ನಾಲ್ವರೂ ಹೊರಟೆವು.

ಲೋಂಗಾವನ್ನಿನ ಮೇಲೆ ಏಪ್ರಿಲ್ ತಿಂಗಳ ಬಿಸಿಲು ಬಿದ್ದಾಗ ಮಾತಾಡುವುದು ಕಷ್ಟ. ಆಚೆ ದಡದ ಬೆಟ್ಟಗಳ ತನಕ ಬಿಳುಪೇ ಬಿಳುಪು, ಮೇಲೆ ನೀಲಿ, ನಡುವೆ ನಾವು ನಾಲ್ಕು ಕಪ್ಪು ಚುಕ್ಕೆ. ಯಂತ್ರ ನಿಲ್ಲಿಸಿದ ಕೂಡಲೇ ಸರೋವರ ಮೊರೆಯಿತು. ಈ ದಡದಲ್ಲಿ ಹುಟ್ಟಿದ ಶಬ್ದ ಕಾಲಡಿಯಲ್ಲೇ ಹಾದು ಆಚೆ ದಡಕ್ಕೆ ಹೋಯಿತು. ಪರ್ನಿಲ್ಲಾ ನನ್ನ ತೋಳು ಹಿಡಿದುಕೊಂಡಳು.

“ಒಡೀತಿದೆಯಾ?”

“ಇಲ್ಲ. ಕೂರ್ತಿದೆ.”

ಅವಳಿಗೆ ಹೇಳಿದೆ. ಕೆಳಗಿನ ಅಣೆಕಟ್ಟಿನವರು ಚಳಿಗಾಲವಿಡೀ ವಿದ್ಯುತ್ತಿಗಾಗಿ ನೀರು ಬಿಡುತ್ತಾರೆ. ನೀರು ಇಳಿದಂತೆ ಮೇಲಿನ ಮಂಜುಗಡ್ಡೆಯೂ ಇಳಿಯುತ್ತ ಬಂದು, ಕೊನೆಗೆ ಏಪ್ರಿಲಿನಲ್ಲಿ ದಡದ ಹತ್ತಿರ ತಳದ ಮೇಲೆಯೇ ಕೂರುತ್ತದೆ.

ಮೀನು ಹಿಡಿಯಲು ಮಂಜುಗಡ್ಡೆಯಲ್ಲಿ ಕೊರೆದಿದ್ದ ಒಂದು ತೂತಿನ ಬಳಿ ಟೋರ್ಡ್ ನಿಂತ. “ಇಲ್ಲೇ ಇತ್ತು.”

ಪರ್ನಿಲ್ಲಾ ಬೂಟಿನಿಂದ ಹಿಮ ಸರಿಸಿದಳು. ಅಡಿಯಲ್ಲಿ ಹಾಲಿನಂಥ ಬಿಳಿ ಮಂಜುಗಡ್ಡೆ. ಬಟ್ಟಲಿನಲ್ಲಿ ತಂದಿದ್ದ ಮಂಜುಗಡ್ಡೆಯ ತುಂಡನ್ನು ಪಕ್ಕದಲ್ಲಿಟ್ಟು ನೋಡಿದಳು.

“ಇಲ್ಲಲ್ಲ. ಇದರಲ್ಲಿ ಗುಳ್ಳೆ ಇಲ್ಲ.”

“ಹಿಮ ಬಿದ್ದಿದೆ. ಗುರುತು ಸಿಗಬೇಕಲ್ಲ,” ಎಂದ ಟೋರ್ಡ್. ಅದೂ ನಿಜವೇ.

ಗುಳ್ಳೆ ಎಲ್ಲಿ ಏಳುತ್ತದೆಂದು ನನಗೂ ಥಿರಾಗೂ ಒಟ್ಟಿಗೇ ಹೊಳೆಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

“ಹಳೇ ಊರು,” ಎಂದಳು ಅವಳು.

ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೇ ಟಾಲ್‌ನೆಸ್. ಹಿಲ್ಮೆರ್ ಹುಟ್ಟಿದ್ದು ಅಲ್ಲಿ. ಅದರ ಹೊಲ, ಕೊಟ್ಟಿಗೆ, ಗೊಬ್ಬರದ ಗುಂಡಿ ಎಲ್ಲವೂ ನೀರಿನಡಿ ಇಂದಿಗೂ ಕೊಳೆಯುತ್ತಿವೆ, ಗುಳ್ಳೆ ಬಿಡುತ್ತಿವೆ. ಸ್ಕೂಟರ್ ತಿರುಗಿಸಿ ಉತ್ತರದ ಕೊಲ್ಲಿಗೆ ಹೋದೆವು. ಹುಡುಕಬೇಕಾಗಿಯೇ ಬರಲಿಲ್ಲ. ಮಂಜುಗಡ್ಡೆ ಅಲ್ಲಿ ಗೋಡೆಗಳ ಮೇಲೆ ಹೊದಿಸಿದ ಕಂಬಳಿಯಂತೆ ಉಬ್ಬುತಗ್ಗಾಗಿ ಕೂತಿತ್ತು. ಎರಡು ಉಬ್ಬುಗಳ ನಡುವೆ ಚಕ್ರಗಳು ಕೂತ ಎರಡು ಗುಂಡಿ. ಬಲಗಡೆಯದರ ಅಂಚು ಒಡೆದು ಒಂದು ತುಂಡು ಕಿತ್ತುಹೋಗಿತ್ತು.

ಥಿರಾ ಮಂಡಿಯೂರಿ ತೋಳಿನಿಂದ ಹಿಮ ಒರೆಸಿದಳು. ನಾವೂ ಬಗ್ಗಿದೆವು.

ಕಾಲಡಿಯಲ್ಲಿ ಒಂದು ಊರಿತ್ತು. ಬಿಸಿಲು ತಿಳಿ ಮಂಜುಗಡ್ಡೆಯನ್ನು ತೂರಿಕೊಂಡು ಇಳಿದು, ಕೆಳಗೆಲ್ಲ ಹಸಿರು ಬೆಳಕು ಹರಡಿತ್ತು. ನೀರು ಬಸಿದುಹೋಗಿ ಬರೀ ಪೊಳ್ಳು ಉಳಿದಿತ್ತು. ಕಲ್ಲಿನ ಮೆಟ್ಟಿಲು, ಬಾಗಿಲಿನ ಹೊಸ್ತಿಲು, ಅದರ ಪಕ್ಕದಲ್ಲಿ ಬೇಲಿಯ ಗೂಟಗಳು ನಿಂತಲ್ಲೇ ನಿಂತಿದ್ದವು. ಚರ್ಚಿನಲ್ಲಿಯೂ ತಲೆ ಬಾಗಿಸದ ನಾನು ಟೋಪಿ ತೆಗೆದೆ. ಯಾಕೆ ತೆಗೆದೆ ಎಂದು ನನಗೂ ಗೊತ್ತಿಲ್ಲ. ಪರ್ನಿಲ್ಲಾಳ ಕಣ್ಣಲ್ಲಿ ನೀರಿತ್ತು.

“ನಮ್ಮಜ್ಜಿಯ ಮನೆ,” ಎಂದಳು ಥಿರಾ. “ಅಪ್ಪ ಹೇಳ್ತಿದ್ದ ಮೆಟ್ಟಿಲು. ನಾನು ಸುಳ್ಳು ಅಂದ್ಕೊಂಡಿದ್ದೆ.”

ಎರಡು ಗುಂಡಿಗಳ ಸರಿ ನಡುವೆ, ಮೀನು ಹಿಡಿಯಲೆಂದು ನಮ್ಮ ಕಡೆ ಕ್ಯಾರವಾನಿನ ನೆಲಕ್ಕೆ ಕೊರೆಯುವ ತೂತು ಇದ್ದಿರಬೇಕಾದ ಜಾಗದಲ್ಲಿ, ಮಂಜುಗಡ್ಡೆಯನ್ನು ಚೌಕಾಕಾರವಾಗಿ ಕೊಯ್ಯಲಾಗಿತ್ತು. ಮನುಷ್ಯ ಇಳಿಯುವಷ್ಟು ಅಗಲ. ಗಾಡಿ ಮೇಲಿರುವ ತನಕ ಅದೊಂದು ಬಾಗಿಲು. ಗಾಡಿ ಹೋದ ಮೇಲೆ ಬಿರುಗಾಳಿಯ ಹಿಮ ಅದರೊಳಗೆ ಸುರಿದು ಕಲ್ಲಾಗಿತ್ತು.

ಗಾಡಿ ಎಳೆದಾಗ ಹಿಲ್ಮೆರ್ ಕೆಳಗಿದ್ದ. ಅದು ಎಲ್ಲರಿಗೂ ಗೊತ್ತಾಯಿತು.

ಟೋರ್ಡ್ ಹಾರೆ ತಂದ. ಕರಡಿಯ ಬಲದಿಂದ ಚೌಕದ ಅಂಚಿಗೆ ಹಾಕತೊಡಗಿದ. ನಾನು ಸನಿಕೆಯಿಂದ ಬಾಚಿದೆ. ಪರ್ನಿಲ್ಲಾ ಹೆಲಿಕಾಪ್ಟರಿನವರಿಗೆ ಫೋನು ಮಾಡಲು ಸಿಗ್ನಲ್ ಹುಡುಕುತ್ತ ದಿಬ್ಬದ ಕಡೆ ಓಡಿದಳು.

“ನಿಲ್ಸಿ!” ಥಿರಾ ಕಿರುಚಿದಳು. ಅವಳು ಅಂಗೈ ಮತ್ತು ಕಿವಿಯನ್ನು ಮಂಜುಗಡ್ಡೆಗೆ ಒತ್ತಿ ಮಲಗಿದ್ದಳು.

ನಿಲ್ಲಿಸಿದೆವು. ಮೊದಲು ಸರೋವರದ ಮೊರೆತ. ಅದು ಅಡಗಿದ ಮೇಲೆ ಬೇರೊಂದು ಸದ್ದು. ಕಲ್ಲಿಗೆ ಕಲ್ಲು ಕುಟ್ಟುವ ಸದ್ದು, ನಿಧಾನವಾಗಿ, ಬಿಟ್ಟು ಬಿಟ್ಟು.

“ಅಪ್ಪಾ!”

ಸದ್ದು ನಿಂತಿತು. ಆಮೇಲೆ ಕಾಲಡಿಯ ಆ ಹಸಿರು ಊರಿನಿಂದ ಬತ್ತಿದ ದನಿಯೊಂದು ಎದ್ದು ಬಂತು.

“ಥಿರಾ?”

ಅವಳು ಅಳುತ್ತ ನಗುತ್ತ ಮಂಜುಗಡ್ಡೆಗೆ ಮುತ್ತಿಟ್ಟಳು. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಸತ್ತನೆಂದು ಎಲ್ಲರೂ ಕೈಬಿಡುತ್ತಿದ್ದ ಮನುಷ್ಯ ತನ್ನ ತಾಯಿಯ ಮನೆಯೊಳಗಿಂದ, ಮಂಜುಗಡ್ಡೆಯ ಚಾವಣಿಯಡಿಯಿಂದ ಮಗಳ ಹೆಸರು ಕರೆಯುತ್ತಿದ್ದ.

“ಇನ್ನೊಂದು ಚೂರು ತಡ್ಕೋ ಅಪ್ಪ! ಈಗ ಒಡೀತೀವಿ! ಎಸ್ಕಿಲ್ ಇದ್ದಾನೆ, ಟೋರ್ಡ್ ಹಾರೆ ತಂದಿದ್ದಾನೆ...”

ಕೆಳಗೆ ಏನೂ ಕೇಳಿಸಲಿಲ್ಲ.

“ಅಪ್ಪಾ?”

“ಮಗಳೇ,” ಎಂದಿತು ದನಿ, ಮೊದಲಿಗಿಂತ ಮೆಲ್ಲಗೆ. “ಅವನ ಕೈಯಿಂದ ಹಾರೆ ಕಿತ್ಕೋ.”

ನಾನು ತಲೆಯೆತ್ತಿದೆ. ಟೋರ್ಡ್ ನಮ್ಮಿಬ್ಬರ ಮೇಲೆ ನೆರಳು ಚೆಲ್ಲುತ್ತ ನಿಂತಿದ್ದ. ದೂರದ ದಿಬ್ಬದ ಮೇಲೆ ಪರ್ನಿಲ್ಲಾ ಬೆನ್ನು ತಿರುಗಿಸಿ ಫೋನಿನಲ್ಲಿ ಕೂಗಿ ಮಾತಾಡುತ್ತಿದ್ದಳು.

“ಏನಂದ ಮಾವ?” ಟೋರ್ಡ್ ಕೇಳಿದ. “ಸರಿಯಾಗಿ ಕೇಳಿಸಲಿಲ್ಲ.”

ಹಾರೆ ಇನ್ನೂ ಅವನ ಕೈಯಲ್ಲೇ ಇತ್ತು.